ಪೇಸ್‌ಮೇಕರ್ ಅಳವಡಿಸಿ ಒಂಬತ್ತು ದಿನ: ಗಾಯಕ್ಕಿಂತ ಭುಜದ ನೋವೇ ಹೆಚ್ಚಾಗಿದೆ, ಏನು ಮಾಡಲಿ?

ಶಿರಸಿ ಕಡೆಯ ಕೃಷಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಎರಡು ವಾರದ ಹಿಂದೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಾಗ ಕಣ್ಣು ಕತ್ತಲಿಟ್ಟು ಬಿದ್ದೆ. ಇಸಿಜಿ ನೋಡಿದವರು ಪೂರ್ಣ ಹಾರ್ಟ್ ಬ್ಲಾಕ್, ಅಂದರೆ ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪುತ್ತಿಲ್ಲ ಎಂದು ಹೇಳಿ ಹುಬ್ಬಳ್ಳಿಗೆ ಕಳುಹಿಸಿದರು, ಅಲ್ಲಿ ಎಡಗಡೆಯ ಕಾಲರ್ ಬೋನ್ ಕೆಳಗೆ ಹೃದಯ ಬಡಿತ ತಪ್ಪದಂತೆ ನೋಡಿಕೊಳ್ಳುವ ಎರಡು ತಂತಿಯ ಪೇಸ್‌ಮೇಕರ್ ಯಂತ್ರವನ್ನು ಅಳವಡಿಸಿದರು. ಇಂದಿಗೆ ಒಂಬತ್ತು ದಿನ.

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅಂಥ ನೋವೇನೂ ಆಗಲಿಲ್ಲ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದ್ದರು, ಯಾರೋ ಹೆಬ್ಬೆರಳಿನಿಂದ ಎದೆಯನ್ನು ಒತ್ತುತ್ತಿದ್ದಾರೆ ಎಂಬಷ್ಟೇ ಗೊತ್ತಾಗುತ್ತಿತ್ತು. ನೋವು ಶುರುವಾದದ್ದು ಅಂದು ರಾತ್ರಿಯಿಂದ. ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟಿದ್ದರು, ಅದು ಮುಗಿದಿದೆ. ಈಗ ಗಾಯದ ಜಾಗದಲ್ಲಿ ಎಳೆದಂತೆ ಆಗುತ್ತದೆ, ಕೆಮ್ಮಿದರೆ ಚುಚ್ಚುತ್ತದೆ. ಗಾಯದ ಸುತ್ತ ಕಪ್ಪಗಿದ್ದ ರಕ್ತಗಟ್ಟು ಈಗ ಎದೆಯ ಕೆಳಭಾಗಕ್ಕೆ ಇಳಿದು ಹಳದಿ ಬಣ್ಣಕ್ಕೆ ತಿರುಗಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಎಡ ಭುಜದ ಕೀಲು ನೋಯುತ್ತಿದೆ. ತಂತಿ ಕಳಚಿಕೊಂಡೀತು ಎಂಬ ಹೆದರಿಕೆಯಿಂದ ನಾನು ಎಡಗೈಯನ್ನು ಮೊದಲ ದಿನದಿಂದಲೂ ಹೊಟ್ಟೆಗೆ ಒತ್ತಿಕೊಂಡೇ ಇಟ್ಟಿದ್ದೇನೆ; ಊಟಕ್ಕೆ ಕೂತಾಗಲೂ ಅದು ಮಡಿಲಿನಲ್ಲಿಯೇ ಇರುತ್ತದೆ. ರಾತ್ರಿ ಮಲಗಿದರೆ ಅರ್ಧ ಗಂಟೆಗೊಮ್ಮೆ ಎಚ್ಚರವಾಗುತ್ತದೆ.

ನನ್ನ ಪ್ರಶ್ನೆಗಳು ಇಷ್ಟು. ಒಂಬತ್ತನೆಯ ದಿನಕ್ಕೂ ಈ ಮಟ್ಟದ ನೋವು ಇರುವುದು ಸಹಜವೇ? ಮೊಣಕಾಲು ನೋವಿಗೆಂದು ಹಿಂದೆ ತಂದಿದ್ದ ಡೈಕ್ಲೋಫಿನಾಕ್ ಮಾತ್ರೆಯ ಒಂದು ಹಾಳೆ ಮನೆಯಲ್ಲಿದೆ, ಅದನ್ನು ತೆಗೆದುಕೊಳ್ಳಬಹುದೇ? ನೋವಿನ ಮಾತ್ರೆ ಹೃದಯಕ್ಕೆ ಕೆಟ್ಟದ್ದೆಂದು ಮನೆಯವಳು ತಡೆಯುತ್ತಿದ್ದಾಳೆ. ಅರಿಶಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿ, ಮೇಲೆ ಬಿಸಿ ಶಾಖ ಕೊಟ್ಟರೆ ಎರಡೇ ದಿನದಲ್ಲಿ ವಾಸಿಯಾಗುತ್ತದೆ ಎಂದು ಪಕ್ಕದ ಮನೆಯ ಹಿರಿಯರು ಹೇಳುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ವಿಜ್ಞಾನ ಶಿಕ್ಷಕಿ, ಧಾರವಾಡ

ನಮಸ್ಕಾರ. ನನಗೀಗ 67, ಪೇಸ್‌ಮೇಕರ್ ಹಾಕಿಸಿಕೊಂಡು ನಾಲ್ಕು ವರ್ಷವಾಯಿತು. ತಮ್ಮ ಪತ್ರ ಓದುವಾಗ ನನ್ನದೇ ಹಳೆಯ ಡೈರಿ ಓದಿದಂತಾಯಿತು, ಏಕೆಂದರೆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂರುವ ತಪ್ಪನ್ನು ನಾನೂ ಮಾಡಿದ್ದೆ, ಅದಕ್ಕೆ ದಂಡವನ್ನೂ ತೆತ್ತಿದ್ದೆ.

ಆಸ್ಪತ್ರೆಯಿಂದ ಬಿಡುವಾಗ ನನಗೆ ಹೇಳಿದ ಮಾತು, ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ ಎಂಬುದಷ್ಟೇ. ನಾನು ಅದನ್ನು ಕೈಯನ್ನೇ ಅಲ್ಲಾಡಿಸಬೇಡಿ ಎಂದು ಕೇಳಿಸಿಕೊಂಡೆ. ಆರು ವಾರ ಹಾಗೆಯೇ ಕಳೆದೆ. ಗಾಯ ಚೆನ್ನಾಗಿ ಒಣಗಿತು, ಹೊಲಿಗೆಯ ಗೆರೆ ಮಾತ್ರ ಉಳಿಯಿತು, ಆದರೆ ಅಷ್ಟರಲ್ಲಿ ಭುಜ ಎಷ್ಟು ಬಿಗಿದುಕೊಂಡಿತ್ತೆಂದರೆ ಜಂಪರಿನ ತೋಳಿಗೆ ಕೈ ತೂರಿಸಲು ಸೊಸೆಯನ್ನು ಕರೆಯಬೇಕಾಗುತ್ತಿತ್ತು. ಮುಂದಿನ ಮೂರು ತಿಂಗಳು ಫಿಸಿಯೋಥೆರಪಿಗೆ ಓಡಾಡಿದೆ. ಶಸ್ತ್ರಚಿಕಿತ್ಸೆಯ ನೋವಿಗಿಂತ ಆ ಭುಜವನ್ನು ಬಿಡಿಸಿಕೊಂಡ ನೋವೇ ನನಗೆ ಇಂದಿಗೂ ಹೆಚ್ಚು ನೆನಪಿದೆ. ಆದ್ದರಿಂದ ತಾವು ಇಂದೇ ವೈದ್ಯರಿಗೆ ಫೋನ್ ಮಾಡಿ, ಯಾವ ಯಾವ ಚಲನೆಗೆ ಅನುಮತಿ ಇದೆ ಎಂದು ಒಂದೊಂದಾಗಿ ಕೇಳಿ ಬರೆದಿಟ್ಟುಕೊಳ್ಳಿ. ನನಗೆ ಆಮೇಲೆ ತಿಳಿದಂತೆ, ಬೆರಳು ಮಡಿಸಿ ಬಿಡಿಸುವುದು, ಮೊಣಕೈ ಮಡಿಸುವುದು, ಭುಜವನ್ನು ಕಿವಿಯ ಕಡೆಗೆ ತುಸು ಎತ್ತಿ ಇಳಿಸುವುದು, ಊಟದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು, ಇವು ಯಾವುವೂ ನಿಷಿದ್ಧವಾಗಿರಲಿಲ್ಲ.

ಎರಡನೆಯ ತಪ್ಪು ಮಾತ್ರೆಯ ವಿಷಯದಲ್ಲಿ ಆಯಿತು. ಮಾತ್ರೆ ನುಂಗದೆ ಸಹಿಸಿಕೊಳ್ಳುವುದೇ ಗಟ್ಟಿತನ ಎಂದು ತಿಳಿದು ಸಂಜೆಯವರೆಗೆ ತಡೆದುಕೊಂಡು, ರಾತ್ರಿ ಹತ್ತಕ್ಕೆ ತಾಳಲಾರದೆ ನುಂಗುತ್ತಿದ್ದೆ. ಅಷ್ಟು ಬಲಿತ ನೋವಿಗೆ ಒಂದು ಮಾತ್ರೆ ಯಾವ ಮೂಲೆಗೆ? ಮಗ ಗದರಿಸಿ, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ಕೊಡತೊಡಗಿದ ಮೇಲೆ ನಾಲ್ಕು ಗಂಟೆಯ ನಿದ್ದೆ ಬಂತು. ನಿದ್ದೆ ಬಂದ ಮರುದಿನ ನೋವೂ ಅರ್ಧಕ್ಕಿಳಿದಂತೆ ಅನ್ನಿಸಿತು.

ಮಲಗುವ ಬಗೆಯನ್ನು ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಂಗಾತ ಮಲಗಿ, ತಲೆಯ ಕಡೆ ಎರಡು ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿಕೊಳ್ಳಿ. ಎಡ ಮೊಣಕೈಯಿಂದ ಅಂಗೈವರೆಗೆ ಅಡಿಯಲ್ಲಿ ಒಂದು ತೆಳು ದಿಂಬು ಇರಲಿ. ಆಗ ತೋಳಿನ ಭಾರ ಗಾಯವನ್ನು ಹಿಂದಕ್ಕೆ ಎಳೆಯುವುದಿಲ್ಲ. ನಿದ್ದೆಯಲ್ಲಿ ಎಡಕ್ಕೆ ಹೊರಳುವ ಅಭ್ಯಾಸ ಇದ್ದರೆ ಬೆನ್ನಿನ ಎಡಬದಿಗೆ ಒಂದು ಕಂಬಳಿಯನ್ನು ಸುತ್ತಿ ಒತ್ತಾಗಿ ಇಟ್ಟುಕೊಳ್ಳಿ. ಏಳುವಾಗ ಎಡಗೈ ಊರದೆ, ಬಲಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು ಏಳಬೇಕು. ಕೆಮ್ಮು ಬಂದರೆ ಚಿಕ್ಕ ದಿಂಬೊಂದನ್ನು ಎದೆಗೆ ಮೆಲ್ಲಗೆ ಅಪ್ಪಿಕೊಂಡು ಕೆಮ್ಮಿ.

ಹೆಂಗಸರು ಈ ಪತ್ರ ಓದುತ್ತಿದ್ದರೆ ಅವರಿಗೊಂದು ಮಾತು: ಒಳ ಉಡುಪಿನ ಪಟ್ಟಿ ಸರಿಯಾಗಿ ಗಾಯದ ಮೇಲೆಯೇ ಹಾಯುತ್ತದೆ, ಸೀರೆಯ ಸೆರಗೂ ನಮ್ಮಲ್ಲಿ ಎಡ ಭುಜದ ಮೇಲೆಯೇ ಬರುತ್ತದೆ, ಪಿನ್ನು ಚುಚ್ಚುವುದೂ ಅಲ್ಲಿಯೇ. ಕೊಡವ ಹೆಂಗಸರಂತೆ ಬಲ ಭುಜಕ್ಕೆ ಸೆರಗು ಕಟ್ಟುವುದನ್ನು ಕಲಿಯಬೇಕೆಂದು ನಾನು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆ. ಕೊನೆಗೆ ಮುಂದೆ ಗುಂಡಿ ಇರುವ ಸಡಿಲವಾದ ಹತ್ತಿಯ ನೈಟಿಯಲ್ಲಿ ಒಂದು ತಿಂಗಳು ಕಳೆದೆ. ಪಟ್ಟಿಯ ಅಡಿಯಲ್ಲಿ ಮಡಿಸಿದ ಮೆತ್ತನೆಯ ಬಟ್ಟೆ ಇಟ್ಟುಕೊಂಡರೂ ಉಜ್ಜುವುದು ತಪ್ಪುತ್ತದೆ.

ತಾವು ತಪಾಸಣೆಗೆ ಹುಬ್ಬಳ್ಳಿಗೆ ಕಾರಿನಲ್ಲಿ ಹೋಗುವುದಾದರೆ ಚಾಲಕನ ಪಕ್ಕದ ಆಸನದಲ್ಲಿ ಕೂರಬೇಡಿ. ನಮ್ಮ ದೇಶದ ಕಾರುಗಳಲ್ಲಿ ಆ ಆಸನದ ಸೀಟ್ ಬೆಲ್ಟ್ ಎಡ ಭುಜದ ಮೇಲಿಂದ ಬರುತ್ತದೆ, ರಸ್ತೆಯ ಪ್ರತಿ ತಿರುವಿನಲ್ಲಿಯೂ ಗಾಯವನ್ನು ಒರೆಯುತ್ತದೆ. ಹಿಂದಿನ ಆಸನದ ಬಲಬದಿಯಲ್ಲಿ ಕೂತರೆ ಬೆಲ್ಟ್ ಬಲ ಭುಜಕ್ಕೆ ಬರುತ್ತದೆ. ನೋವಿದೆ ಎಂದು ಬೆಲ್ಟ್ ಬಿಟ್ಟು ಮಾತ್ರ ಪ್ರಯಾಣಿಸಬೇಡಿ.

ಇನ್ನೊಂದು, ಇದು ವಿಜ್ಞಾನ ಕಲಿಸಿದವಳ ಚಟ ಎಂದುಕೊಳ್ಳಿ. ಪ್ರಪಂಚದಲ್ಲಿ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇರಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರ ಅಕ್ಟೋಬರ್ 8ರಂದು. ಅವರ ಎದೆಯನ್ನೇ ತೆರೆದು ಹೃದಯದ ಮೇಲ್ಮೈಗೆ ತಂತಿ ಹೊಲಿದಿದ್ದರು, ಆ ಯಂತ್ರ ಕೆಲವೇ ಗಂಟೆ ನಡೆಯಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಳ್ಳುತ್ತ ಅವರು 2001ರವರೆಗೆ, 86ನೆಯ ವಯಸ್ಸಿನವರೆಗೆ ಬದುಕಿದರು. ರಾತ್ರಿ ಎಚ್ಚರವಾದಾಗಲೆಲ್ಲ ನಾನು ಆ ಮನುಷ್ಯನನ್ನು ನೆನೆಯುತ್ತಿದ್ದೆ.

ಹೃದ್ರೋಗ ವಾರ್ಡಿನ ನರ್ಸ್, ಮೈಸೂರು

ಸರ್, ನಾನು ಹದಿನಾಲ್ಕು ವರ್ಷದಿಂದ ಹೃದ್ರೋಗ ವಾರ್ಡಿನಲ್ಲಿದ್ದೇನೆ. ನಿಮ್ಮನ್ನು ನೋಡದೆ ನಾನು ಚಿಕಿತ್ಸೆ ಹೇಳುವಂತಿಲ್ಲ. ಡಿಸ್ಚಾರ್ಜ್ ಹಾಳೆಯಲ್ಲಿರುವ ನಂಬರಿಗೆ ಇಂದೇ ಕರೆ ಮಾಡಿ ಎಂಬುದು ನನ್ನ ಮೊದಲ ಮಾತು. ಉಳಿದದ್ದನ್ನು ತಿಳಿವಳಿಕೆಗಾಗಿ ಹೇಳುತ್ತೇನೆ.

ಡೈಕ್ಲೋಫಿನಾಕ್ ಹಾಳೆಯನ್ನು ಪಕ್ಕಕ್ಕಿಡಿ. ನಿಮ್ಮ ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಗುಂಪಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತವೆ, ರಕ್ತದೊತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ರಕ್ತ ತೆಳುವಾಗಿಸುವ ಬೇರೆ ಔಷಧಿ ಜೊತೆಗಿದ್ದರೆ ರಕ್ತಸ್ರಾವದ ಅಪಾಯವೂ ಸೇರುತ್ತದೆ. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಆದರೆ ಎಲ್ಲ ನೋವಿನ ಮಾತ್ರೆಗಳೂ ಹಾಗಲ್ಲ. ಈ ಗಾಯಕ್ಕೆ ಸಾಮಾನ್ಯವಾಗಿ ಬರೆಯುವುದು ಪ್ಯಾರಾಸಿಟಮಾಲ್, ಅಂದರೆ ನಮ್ಮ ಜನ ಡೋಲೊ ಎಂದು ಕರೆಯುವ ಮಾತ್ರೆ. 650 ಮಿಲಿಗ್ರಾಂ ಮಾತ್ರೆಯನ್ನು ಆರು ಗಂಟೆಯ ಅಂತರದಲ್ಲಿ ಕೊಡುವುದು ರೂಢಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಲೇಬಾರದು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ನಿತ್ಯ ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಬೆರೆತಿರುವುದರಿಂದ ಎರಡನ್ನೂ ನುಂಗಿ ಲೆಕ್ಕ ತಪ್ಪಿಸಿಕೊಳ್ಳಬೇಡಿ. ಐದು ದಿನದ ಮಾತ್ರೆ ಮುಗಿಯಿತೆಂದರೆ ಇನ್ನು ಸಹಿಸಿಕೊಳ್ಳಿ ಎಂದು ವೈದ್ಯರು ಹೇಳಿದಂತಲ್ಲ. ಮುಂದುವರಿಸಬಹುದೇ ಎಂದು ಫೋನಿನಲ್ಲಿ ಕೇಳಿದರೆ ಸಾಕು.

ಅರಿಶಿನ, ಎಣ್ಣೆ, ಪುಡಿ, ಮುಲಾಮು, ಬಿಸಿ ಶಾಖ, ಯಾವುದೂ ಬೇಡ. ನೀವಿ ತಿಕ್ಕುವುದಂತೂ ಬೇಡವೇ ಬೇಡ. ನಿಮ್ಮ ಗಾಯ ಕೈ ಕುಯ್ದುಕೊಂಡ ಗಾಯದಂಥದ್ದಲ್ಲ. ಚರ್ಮದ ಅಡಿಯಲ್ಲಿ, ಎದೆಯ ಸ್ನಾಯುವಿನ ಮೇಲೆ ಒಂದು ಚೀಲದಂಥ ಜಾಗ ಮಾಡಿ ಅದರಲ್ಲಿ ಲೋಹದ ಯಂತ್ರವನ್ನು ಇರಿಸಿದ್ದಾರೆ, ಅದರಿಂದ ಹೊರಟ ತಂತಿಗಳು ರಕ್ತನಾಳದ ಮೂಲಕ ನೇರವಾಗಿ ಹೃದಯದೊಳಗೆ ಹೋಗಿವೆ. ಹೊರಗಿನ ಕೊಳೆ ಒಳಗೆ ಇಳಿದರೆ ಅದಕ್ಕೆ ಹೃದಯದವರೆಗೂ ದಾರಿ ಸಿಕ್ಕಂತೆ. ನೋವಿಗೆ ಹಿತವಾಗುವುದು ತಂಪು: ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ವೈದ್ಯರು ಒಪ್ಪಿದರೆ ಹತ್ತು ಹದಿನೈದು ನಿಮಿಷ, ಡ್ರೆಸ್ಸಿಂಗ್ ಒದ್ದೆಯಾಗದಂತೆ, ಭಾರ ಬಿಡದೆ ಇಟ್ಟುಕೊಳ್ಳಬಹುದು.

ತಂತಿ ಕಳಚೀತೆಂಬ ಹೆದರಿಕೆ ಎಲ್ಲ ರೋಗಿಗಳಿಗೂ ಇರುತ್ತದೆ. ತಂತಿಯ ತುದಿಯಲ್ಲಿ ಪುಟ್ಟ ತಿರುಪು ಅಥವಾ ಕೊಕ್ಕೆಗಳಿದ್ದು ಅವು ಹೃದಯದ ಗೋಡೆಯನ್ನು ಹಿಡಿದುಕೊಂಡಿರುತ್ತವೆ. ಅಲ್ಲಿ ಗಾಯದ ಅಂಗಾಂಶ ಬೆಳೆದು ಹಿಡಿತ ಗಟ್ಟಿಯಾಗಲು ಕೆಲವು ವಾರ ಬೇಕು. ಅದಕ್ಕಾಗಿಯೇ ನಾಲ್ಕರಿಂದ ಆರು ವಾರ ಮೊಣಕೈ ಭುಜದ ಮಟ್ಟ ದಾಟಬಾರದು, ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು, ಜಗ್ಗಬಾರದು, ತಳ್ಳಬಾರದು ಎನ್ನುವುದು. ಆ ಮಿತಿಯ ಒಳಗೆ ಕೈ ಆಡಿಸಿದರೆ ತಂತಿ ಕಳಚುವ ಸಾಧ್ಯತೆ ತೀರಾ ಕಡಿಮೆ. ಮೇಡಂ ಬರೆದ ಭುಜದ ಬಿಗಿತವನ್ನು ನಾವು ಪದೇ ಪದೇ ನೋಡುತ್ತೇವೆ. ನಿಮ್ಮ ಕೀಲಿನ ನೋವಿಗೆ ಕಾರಣ ಅದೇ ಇರಬಹುದು, ಕರೆ ಮಾಡಿದಾಗ ಅದನ್ನೂ ಹೇಳಿ. ಕೈ ಆಡಿಸಿ ಎಂದೆನೆಂದು ಚರ್ಮದ ಅಡಿಯಲ್ಲಿ ಯಂತ್ರ ಎಲ್ಲಿದೆ ಎಂದು ಬೆರಳಿನಿಂದ ಹುಡುಕಿ ತಿರುಗಿಸಬೇಡಿ. ಹಾಗೆ ತಿರುಗಿಸಿ ತಿರುಗಿಸಿ ತಂತಿಯನ್ನು ಸುತ್ತಿ ಎಳೆದುಕೊಂಡ ರೋಗಿಗಳಿದ್ದಾರೆ, ವೈದ್ಯಶಾಸ್ತ್ರದಲ್ಲಿ ಅದಕ್ಕೊಂದು ಹೆಸರೇ ಇದೆ.

ಇನ್ನು ಯಾವ ನೋವು ಸಹಜ, ಯಾವುದಲ್ಲ ಎಂಬುದು. ದಿನದಿಂದ ದಿನಕ್ಕೆ ಸ್ವಲ್ಪವಾದರೂ ಇಳಿಯುತ್ತಿರುವ ನೋವು, ಕೈ ಸರಿಸಿದಾಗ ಮಾತ್ರ ಎಳೆಯುವ ನೋವು, ಕೆಳಗಿಳಿದು ಹಳದಿಯಾಗುತ್ತಿರುವ ರಕ್ತಗಟ್ಟು, ಗಾಯದ ಸುತ್ತ ಜುಮುಗುಡುವಿಕೆ ಅಥವಾ ಮರಗಟ್ಟುವಿಕೆ, ಇವು ವಾಸಿಯಾಗುವ ದಾರಿಯಲ್ಲಿ ಕಾಣಿಸುವಂಥವು. ಕುಯ್ಯುವಾಗ ಚರ್ಮದ ಸಣ್ಣ ನರಗಳೂ ತುಂಡಾಗಿರುವುದರಿಂದ ಈ ಮರಗಟ್ಟುವಿಕೆ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಗಾಯ ಕೆಂಪಗೆ ಬಿಸಿಯಾದರೆ, ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ, ಯಂತ್ರದ ಮೇಲಿನ ಚರ್ಮ ಬಾತು ಬಿಗಿಯಾಗಿ ಹೊಳೆದರೆ, ಎಡಗೈ ಪೂರ್ತಿ ಊದಿಕೊಂಡರೆ ಅಂದೇ ಅಳವಡಿಸಿದ ಆಸ್ಪತ್ರೆಗೆ ಹೋಗಿ. ಊತದೊಳಗೆ ನಿಂತ ರಕ್ತವನ್ನು ಸೂಜಿ ಹಾಕಿ ತೆಗೆಯುತ್ತೇನೆಂದು ಊರಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ, ಸೋಂಕು ಒಳಹೋಗಲು ಅದೇ ದಾರಿಯಾಗುತ್ತದೆ. ನಿಲ್ಲದ ಬಿಕ್ಕಳಿಕೆ ಬಂದರೆ ಅಥವಾ ಎದೆಯ ಸ್ನಾಯು ತಾಳಕ್ಕೆ ಸರಿಯಾಗಿ ಹಾರುತ್ತಿದ್ದರೆ ತಂತಿ ಜಾಗ ಬದಲಿಸಿ, ವಪೆಯನ್ನೋ (ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಎದೆಯ ಸ್ನಾಯುವನ್ನೋ ಪ್ರಚೋದಿಸುತ್ತಿರಬಹುದು. ಅದನ್ನೂ ಅಂದೇ ತಿಳಿಸಿ. ಮತ್ತೆ ಕಣ್ಣು ಕತ್ತಲಿಟ್ಟರೆ, ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆಯೊಳಗೆ ಇರಿದಂತಾದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಸಕ್ಕರೆ ಹತೋಟಿಯಲ್ಲಿರಲಿ. ಇಲ್ಲವಾದರೆ ಗಾಯ ಮಾಯಲು ತಡವಾಗುತ್ತದೆ, ಸೋಂಕೂ ಬೇಗ ತಗಲುತ್ತದೆ.

ಓದುಗ, ಬೆಂಗಳೂರು

ನನಗೆ 36ನೆಯ ವಯಸ್ಸಿನಲ್ಲಿ ಪೇಸ್‌ಮೇಕರ್ ಬಂತು. ನಾನು ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸಿದೆ, ಐದನೆಯ ದಿನ ಲ್ಯಾಪ್‌ಟಾಪ್ ಮುಂದೆ ಕೂತೆ. ನಿಜ ಹೇಳಬೇಕೆಂದರೆ ಇಷ್ಟೊಂದು ಹೆದರುವ ಅಗತ್ಯವಿಲ್ಲ, ಎಲ್ಲ ಮನಸ್ಸಿನಲ್ಲಿರುತ್ತದೆ.

ಮಗ, ಕಲಬುರಗಿ

ಬೆಂಗಳೂರಿನ ಗೆಳೆಯರ ಮಾತಿಗೆ ನನ್ನ ವಿರೋಧವಿದೆ. ನಮ್ಮ ತಂದೆಯವರೂ ಎಲ್ಲ ಮನಸ್ಸಿನಲ್ಲಿದೆ ಎಂದುಕೊಂಡೇ ಸುಮ್ಮನಿದ್ದರು. ಅಳವಡಿಸಿ ಐದು ತಿಂಗಳಾಗಿತ್ತು, ನೋವು ಪೂರ್ತಿ ಹೋಗಿತ್ತು. ಆಮೇಲೆ ಒಂದು ದಿನ ಅದೇ ಜಾಗದಲ್ಲಿ ಮತ್ತೆ ಸಣ್ಣಗೆ ನೋಯತೊಡಗಿತು. ಅಂಗಿ ತಗಲಿದರೂ ಉರಿಯುತ್ತದೆ ಎನ್ನುತ್ತಿದ್ದರು. ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ಚರ್ಮದ ಅಲರ್ಜಿ ಇರಬೇಕೆಂದು ಮುಲಾಮು ಕೊಟ್ಟರು, ಮೂರು ವಾರ ಹಚ್ಚಿದೆವು. ಹೊಲಿಗೆಯ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿದ್ದು ನೀರಿನಂಥದ್ದು ಒಸರಿದಾಗ ದೊಡ್ಡಾಸ್ಪತ್ರೆಗೆ ಓಡಿದೆವು. ಚೀಲದೊಳಗೆ ಸೋಂಕು ಸೇರಿದರೆ ಬರೀ ಮಾತ್ರೆಯಿಂದ ಹೋಗುವುದಿಲ್ಲವೆಂದು ಹೇಳಿ ಯಂತ್ರವನ್ನೂ ತಂತಿಗಳನ್ನೂ ಪೂರ್ತಿ ತೆಗೆದರು. ಕೆಲವು ದಿನ ಆಸ್ಪತ್ರೆಯಲ್ಲಿಯೇ ತಾತ್ಕಾಲಿಕ ಪೇಸಿಂಗ್ (ತಾತ್ಕಾಲಿಕ ಯಂತ್ರದಿಂದ ಹೃದಯ ಬಡಿಸುವುದು) ಮೇಲೆ ಇಟ್ಟು, ಸೋಂಕು ತೊಲಗಿದ ಮೇಲೆ ಬಲಗಡೆಗೆ ಹೊಸದನ್ನು ಹಾಕಿದರು. ಈಗ ಆರಾಮವಾಗಿದ್ದಾರೆ. ನೋವು ತಿಂಗಳುಗಳ ನಂತರ ತಿರುಗಿ ಬಂದರೂ ಅದನ್ನು ಯಂತ್ರ ಅಳವಡಿಸಿದವರಿಗೇ ತೋರಿಸಬೇಕೆಂದು ನಮಗೆ ಆಗ ಗೊತ್ತಿರಲಿಲ್ಲ.

ಹೃದ್ರೋಗ ವಾರ್ಡಿನ ನರ್ಸ್, ಮೈಸೂರು

ಕಲಬುರಗಿಯವರು ಬರೆದದ್ದು ಅಕ್ಷರಶಃ ಸರಿ. ಬೆಂಗಳೂರಿನವರಿಗೆ ಬೇಗ ಗುಣವಾದದ್ದು ಸಂತೋಷ, ಆದರೆ ನೋವು ಒಬ್ಬೊಬ್ಬರಿಗೆ ಒಂದೊಂದು ಬಗೆ. ಮೈಯಲ್ಲಿ ಕೊಬ್ಬಿಲ್ಲದ ತೆಳ್ಳನೆಯ ಹಿರಿಯರಿಗೆ ಯಂತ್ರದ ಅಂಚೇ ಚರ್ಮಕ್ಕೆ ಒತ್ತುತ್ತದೆ. ಅವರು ನೋಯುತ್ತದೆ ಎಂದರೆ ನಾವು ನಂಬಬೇಕು.

ಶಿರಸಿ ಕಡೆಯ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಆ ದಿನವೇ ಫೋನ್ ಮಾಡಿದೆ. ಮರುದಿನ ಬರಲು ಹೇಳಿದರು. ಹಿಂದಿನ ಆಸನದ ಬಲಬದಿಯಲ್ಲಿಯೇ ಕೂತು ಹೋದೆ. ಗಾಯ ನೋಡಿ ಸೋಂಕಿಲ್ಲ ಎಂದರು, ಯಂತ್ರವನ್ನು ಕಂಪ್ಯೂಟರಿನಿಂದ ಪರೀಕ್ಷಿಸಿ ತಂತಿಗಳೆರಡೂ ಸ್ವಸ್ಥಾನದಲ್ಲಿವೆ ಎಂದರು. ಆ ಮಾತು ಕೇಳಿದ ರಾತ್ರಿಯೇ ನಿದ್ದೆ ಬಂತು. ಪ್ಯಾರಾಸಿಟಮಾಲನ್ನು ಇನ್ನೊಂದು ವಾರಕ್ಕೆ ಬರೆದುಕೊಟ್ಟರು. ನಾನು ನಾಲ್ಕನೆಯ ದಿನದಿಂದ ರಾತ್ರಿಯದನ್ನು ಮಾತ್ರ ತೆಗೆದುಕೊಂಡೆ, ಈಗ ಅದೂ ಇಲ್ಲ. ಭುಜಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್ ನಾಲ್ಕು ಚಲನೆಗಳನ್ನು ಹೇಳಿಕೊಟ್ಟಿದ್ದಾರೆ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವಾಗ ಮೊಮ್ಮಗಳು ಎದುರು ನಿಂತು ನನ್ನಂತೆಯೇ ತೂಗುತ್ತಾಳೆ. ಅರಿಶಿನದ ಬಟ್ಟಲನ್ನು ಮನೆಯವಳು ಅಡುಗೆಮನೆಗೆ ಒಯ್ದಿಟ್ಟಳು.

ಒಂದು ಸಂದೇಹ ಉಳಿದಿದೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾಗಿದೆ. ಮರ ಹತ್ತುವ ವಯಸ್ಸು ನನ್ನದಲ್ಲ, ಅದಕ್ಕೆ ಕೊನೆಗೌಡ ಬರುತ್ತಾನೆ. ಆದರೆ ಗಿಡ್ಡ ಮರಗಳ ಕೊನೆಯನ್ನು ನಾನೇ ದೋಟಿಯಿಂದ (ಉದ್ದನೆಯ ಕೊಯ್ಲಿನ ಕೋಲು) ಇಳಿಸುವುದು ರೂಢಿ. ಅದನ್ನು ಯಾವಾಗ ಹಿಡಿಯಬಹುದು?

ಹೃದ್ರೋಗ ವಾರ್ಡಿನ ನರ್ಸ್, ಮೈಸೂರು

ದೋಟಿ ಹಿಡಿಯುವುದೆಂದರೆ ಎರಡೂ ಕೈ ತಲೆಯ ಮೇಲೆ, ಜೊತೆಗೆ ಕೊನೆ ಕಳಚುವಾಗಿನ ಜಗ್ಗಾಟ. ಆರು ವಾರ ಮುಗಿದು ತಪಾಸಣೆ ಆಗುವವರೆಗೆ ಅದರ ಹತ್ತಿರವೂ ಹೋಗಬೇಡಿ ಸರ್. ಆಮೇಲೂ ವೈದ್ಯರಿಗೆ ಪೇಸ್‌ಮೇಕರ್ ಇರುವವನು ತೋಟದ ಕೆಲಸ ಮಾಡಬಹುದೇ ಎಂದು ಒಟ್ಟಾರೆಯಾಗಿ ಕೇಳದೆ, ದೋಟಿ ಹಿಡಿದು ನಿಂತ ಭಂಗಿಯನ್ನೇ ತೋರಿಸಿ ಕೇಳಿ. ತಂತಿ ಕಾಲರ್ ಬೋನ್‌ಗೂ ಮೊದಲ ಪಕ್ಕೆಲುಬಿಗೂ ನಡುವೆ ಹಾಯ್ದಿರುವವರಲ್ಲಿ ವರ್ಷಗಟ್ಟಲೆ ಹೀಗೆ ಕೈಯೆತ್ತಿ ಭಾರ ಎಳೆದರೆ ಅದು ಅಲ್ಲಿಯೇ ಸವೆಯಬಹುದು, ನಿಮ್ಮ ತಂತಿ ಯಾವ ದಾರಿಯಲ್ಲಿ ಹೋಗಿದೆ ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ. ಈ ವರ್ಷದ ಗಿಡ್ಡ ಮರಗಳನ್ನೂ ಕೊನೆಗೌಡನಿಗೇ ಬಿಡಿ.

ಶಿರಸಿ ಕಡೆಯ ಕೃಷಿಕ

ಆಗಲಿ. ದೋಟಿಯನ್ನು ಅಟ್ಟಕ್ಕೆ ಸೇರಿಸಲು ಮಗನಿಗೆ ಹೇಳಿದ್ದೇನೆ. ಸುಲಿದ ಅಡಿಕೆ ಆರಿಸುವ ಕೆಲಸಕ್ಕೆ ಭುಜ ಎತ್ತಬೇಕಾಗಿಲ್ಲವಾದ್ದರಿಂದ ಅದನ್ನು ನಾಳೆಯಿಂದ ಶುರುಮಾಡುತ್ತೇನೆ.